ಬಿಳಿ ಗರಿ ಮತ್ತು ಗಾಡ್‌ಫ್ರೀ ತಾತ

ಪ್ರೀತಿಯ ರಘು,

ಹೇಗಿದ್ದೀಯ? ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಇಂಗ್ಲೆಂಡಿನ ಹಾಸ್ಯ ಧಾರಾವಾಹಿ 'ಡ್ಯಾಡ್ಸ್ ಆರ್ಮಿ'ಯಲ್ಲಿ ಪದೇ ಪದೇ ಒಂದಕ್ಕೆ ಹೋಗಲು ಪರ್ಮಿಷನ್ ಕೇಳುವ ಆ ಮುದುಕ ಯಾರು ಅಂತ. ಸುಮ್ನೆ ಹೆಸರು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಅವರು ಆರ್ನಲ್ಡ್ ರಿಡ್ಲಿ. 1896ರಲ್ಲಿ ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಹುಟ್ಟಿದವರು. 1968ರಲ್ಲಿ ಬಿಬಿಸಿಯಲ್ಲಿ ಈ ಧಾರಾವಾಹಿ ಶುರುವಾದಾಗ ಅವರಿಗೆ 72 ವರ್ಷ. ತಮಾಷೆ ನೋಡು, ಅದರಲ್ಲಿ ಹಣ್ಣು ಹಣ್ಣು ಮುದುಕನಂತೆ ಕಾಣುವ ಕಾರ್ಪೊರಲ್ ಜೋನ್ಸ್ ಇದ್ದಾನಲ್ಲ, ಆ ಪಾತ್ರ ಮಾಡಿದ ಕ್ಲೈವ್ ಡನ್‌ಗೆ ಆಗಿನ್ನೂ 48! ರಿಡ್ಲಿಯವರು ಮಾಡಿದ ಪಾತ್ರದ ಹೆಸರು ಗಾಡ್‌ಫ್ರೀ. ಅವನಿಗೆ ಮಾತು ಕಡಿಮೆ. ಸಹೋದರಿ ಡಾಲಿ ಮಾಡಿದ ಕೇಕಿನ ಬಗ್ಗೆ ಒಂದು ಮಾತು, ಆಮೇಲೆ ಬಾತ್‌ರೂಮಿನ ವಿಷಯ. ಸ್ಕೂಲಿನಲ್ಲಿ ನಾವು ಕಿರುಬೆರಳು ಎತ್ತಿ ನಿಲ್ಲುತ್ತಿದ್ದೆವಲ್ಲ, ಥೇಟ್ ಅದೇ ಸಂಕೋಚ.

ಆದರೆ ಈ ಸಾಧು ಮುದುಕನ ಪಾತ್ರ ಮಾಡಿದ ರಿಡ್ಲಿ, ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ ಫ್ರಾನ್ಸಿನ ಸೊಮ್ ಕದನದಲ್ಲಿ ಕಾದಾಡಿದ ಸಿಪಾಯಿ. ಬಯೋನೆಟ್ಟಿನ ಇರಿತ ತಿಂದರು. ಎಡಗೈ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾಯಿತು. ಬಂದೂಕಿನ ಹಿಡಿಯಿಂದ ತಲೆಗೆ ಬಿದ್ದ ಏಟಿಗೆ ಆಮೇಲೂ ಆಗಾಗ ಕಣ್ಣು ಕತ್ತಲೆ ಬರುತ್ತಿತ್ತು. ಸೈನ್ಯ ಅವರನ್ನು ಮನೆಗೆ ಕಳಿಸಿತು.

ಊರಿಗೆ ಬಂದ ಮೇಲೆ ಏನಾಯಿತು ಗೊತ್ತಾ? ಬೀದಿಯಲ್ಲಿ ಒಬ್ಬ ಹೆಂಗಸು ಅವರ ಕೈಗೆ ಬಿಳಿ ಗರಿ ಕೊಟ್ಟಳು. ಸಮವಸ್ತ್ರವಿಲ್ಲದ ಹುಡುಗರನ್ನು ಹೇಡಿ ಎಂದು ಹಂಗಿಸಲು ಆಗ ಅಲ್ಲಿ ಹಾಗೆ ಗರಿ ಕೊಡುತ್ತಿದ್ದರು. ನಮ್ಮಲ್ಲಿ ಬಳೆ ತೊಡಿಸ್ತೀವಿ ಅಂತಾರಲ್ಲ, ಹಾಗೆ. ಗಾಯಗೊಂಡು ಬಿಡುಗಡೆಯಾದ ಸಿಪಾಯಿಗಳಿಗೆ ಸರ್ಕಾರ ಒಂದು ಬ್ಯಾಡ್ಜ್ ಕೊಡುತ್ತಿತ್ತು. ಅದು ರಿಡ್ಲಿಯವರ ಜೇಬಿನಲ್ಲೇ ಇತ್ತು. ತೆಗೆದು ತೋರಿಸಲಿಲ್ಲ. ಗರಿ ತೆಗೆದುಕೊಂಡು ಸುಮ್ಮನಾದರು. ಗಾಯದ ಜಾಹೀರಾತು ಅವರಿಗೆ ಬೇಕಿರಲಿಲ್ಲವಂತೆ.

ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಎಂಬ ನಾಟಕ ಕಂಪನಿಯಲ್ಲಿ ನಟನೆ ಹಿಡಿದರು, ಹಳೇ ಗಾಯ ಬಿಡಲಿಲ್ಲ. ವಾಪಸ್ ಬಂದು ಅಪ್ಪನ ಬೂಟಿನ ಅಂಗಡಿಯಲ್ಲಿ ನಿಂತರು. ಆ ದಿನಗಳಲ್ಲೇ ನಾಟಕ ಬರೆಯಲು ಕೂತದ್ದು. ಬ್ರಿಸ್ಟಲ್ ಹತ್ತಿರ ಮ್ಯಾಂಗಟ್ಸ್‌ಫೀಲ್ಡ್ ಎಂಬ ಜಂಕ್ಷನ್. ಒಮ್ಮೆ ಅಲ್ಲಿ ಸಿಕ್ಕಿಹಾಕಿಕೊಂಡರು. ಸುತ್ತ ಯಾರೂ ಇಲ್ಲ. ರೈಲು ಬಂದು ಹೋದ ಸದ್ದು ಕೇಳುತ್ತದೆ, ರೈಲು ಮಾತ್ರ ಕಾಣುವುದಿಲ್ಲ! ಅದು ಹತ್ತಿರದ ಇನ್ನೊಂದು ಹಳಿಯ ಮೇಲೆ ತಿರುಗಿ ಹೋಗುತ್ತಿತ್ತು ಅಷ್ಟೇ. ಅದರಿಂದ ಹುಟ್ಟಿದ್ದು 'ದಿ ಘೋಸ್ಟ್ ಟ್ರೈನ್'. 1925ರಲ್ಲಿ ಲಂಡನ್ನಿಗೆ ಬಂದ ನಾಟಕ 600ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಆದರೆ ದುಡ್ಡು ಕೈಯಲ್ಲಿ ನಿಲ್ಲಲಿಲ್ಲ. ಸಿನಿಮಾ ಕಂಪನಿ ಮಾಡಲು ಹೋಗಿ ಮುಳುಗಿದರು. ಅದೇ ನಾಟಕದ ಹವ್ಯಾಸಿ ಪ್ರದರ್ಶನದ ಹಕ್ಕನ್ನೂ ಮಾರಿಕೊಂಡರು. ವಯಸ್ಸು ಎಪ್ಪತ್ತು ದಾಟಿದ ಮೇಲೂ ಸಣ್ಣ ಪಾತ್ರಗಳಿಗೆ ಯಾಕೆ ಓಡಾಡಿದರು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ, ಅಲ್ವಾ?

ಎರಡನೇ ಮಹಾಯುದ್ಧ ಬಂದಾಗ ಮತ್ತೆ ಸೈನ್ಯ ಸೇರಿದರು. 1940ರಲ್ಲಿ ಫ್ರಾನ್ಸಿನಿಂದ ಜೀವ ಉಳಿಸಿಕೊಂಡು ಬಂದರು. ಆರೋಗ್ಯ ಕೆಟ್ಟು ಸೈನ್ಯ ಬಿಡಬೇಕಾಯಿತು. ಆಮೇಲೆ ಸೇರಿದ್ದು ಹೋಂ ಗಾರ್ಡ್, ಊರು ಕಾಯುವ ಸ್ವಯಂಸೇವಕರ ದಳ! ಹೌದು ಕಣೋ, 'ಡ್ಯಾಡ್ಸ್ ಆರ್ಮಿ' ನಗಾಡುವ ಅದೇ ಹೋಂ ಗಾರ್ಡ್.

ಈಗ 1969ರ 'ಬ್ರ್ಯಾಂಡೆಡ್' ಕಂತಿಗೆ ಬರುತ್ತೇನೆ. ಮೊದಲ ಮಹಾಯುದ್ಧದಲ್ಲಿ ತಾನು ಬಂದೂಕು ಹಿಡಿಯಲು ಒಪ್ಪಿರಲಿಲ್ಲ ಎಂದು ಗಾಡ್‌ಫ್ರೀ ಹೇಳಿಕೊಳ್ಳುತ್ತಾನೆ. ಎಲ್ಲರೂ ಮುಖ ತಿರುಗಿಸುತ್ತಾರೆ. ಆಮೇಲೆ ಹೊಗೆ ತುಂಬಿದ ಗುಡಿಸಲಿನಲ್ಲಿ ದಳದ ನಾಯಕ ಕ್ಯಾಪ್ಟನ್ ಮ್ಯಾನರಿಂಗ್ ಸಿಕ್ಕಿಕೊಂಡಾಗ ಉಳಿಸುವವನು ಇವನೇ. ಸೊಮ್‌ನಲ್ಲಿ ಗಾಯಾಳುಗಳನ್ನು ಹೊತ್ತು ತಂದು ಪದಕ ಗಳಿಸಿದ್ದ ಸಂಗತಿ ಆಗ ಹೊರಬರುತ್ತದೆ. ಪದಕ ಹಾಕಿಕೊಂಡು ತಿರುಗುವುದು ಅವನಿಗೆ ಆಡಂಬರ ಅನಿಸಿತ್ತು. ನನಗೆ ಈ ಧಾರಾವಾಹಿಯಲ್ಲಿ ನಗು ನಿಂತುಹೋಗುವುದು ಇಲ್ಲೊಂದೇ ಕಡೆ. ಜೇಬಿನ ಆ ಬ್ಯಾಡ್ಜ್ ನೆನಪಾಗುತ್ತದೆ.

ಧಾರಾವಾಹಿ 1977ರಲ್ಲಿ ಮುಗಿಯಿತು, ಆಗ ಅವರಿಗೆ 81. ತೀರಿಕೊಂಡದ್ದು 1984ರಲ್ಲಿ. ಅಂದಹಾಗೆ, 'ಸ್ಟಾರ್ ವಾರ್ಸ್' ಹುಡುಗಿ ಡೇಸಿ ರಿಡ್ಲಿ ಅವರ ವಂಶದವಳೇ. ನಿನ್ನ ಮಗಳಿಗೆ ಹೇಳು, ಖುಷಿಪಡುತ್ತಾಳೆ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಆ ಕಂತು ನೋಡಿಟ್ಟಿರು.

ನಿನ್ನ,
ಶ್ರೀಧರ