ಹಿರಿಯ ಮಹಿಳೆಯರಿಗೆ ಮೊಬೈಲ್ ತಿಳಿವಳಿಕೆ ಬೇಕು

ಮಾನ್ಯ ಸಂಪಾದಕರೇ,

ತಂದೆಯವರು ತೀರಿಕೊಂಡ ಮೇಲೆ ಶಿರಸಿ ಸಮೀಪದ ಊರಿನಲ್ಲಿ ಒಬ್ಬರೇ ಇರುವ ನನ್ನ 72 ವರ್ಷದ ತಾಯಿ, ಭಜನಾ ಮಂಡಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗಿನ ರಂಗೋಲಿಯ ಚಿತ್ರ ಹಾಕಿ, ತವರೂರಿನ ಗೆಳತಿಯರೊಂದಿಗೆ ಹಳೆಯ ಹಾಡುಗಳನ್ನು ಹಂಚಿಕೊಳ್ಳತೊಡಗಿದಂದಿನಿಂದ ಅವರ ಮಾತಿನಲ್ಲಿ ಮತ್ತೆ ಲವಲವಿಕೆ ಕಾಣಿಸಿಕೊಂಡಿದೆ. ಮನೆಯ ಹಿರಿಯ ಹೆಂಗಸರು ಮೊಬೈಲ್ ಹಿಡಿದರೆ ಗೇಲಿ ಮಾಡುವವರು ಇದನ್ನು ಗಮನಿಸಬೇಕು.

ಆದರೆ ಅದೇ ಗುಂಪಿಗೆ ಬಂದ, ಕಷಾಯ ಕುಡಿದರೆ ರಕ್ತದೊತ್ತಡದ ಮಾತ್ರೆ ಬೇಡವೆಂಬ ಸಂದೇಶವನ್ನು ನಂಬಿ ಅವರು ಎರಡು ವಾರ ಮಾತ್ರೆ ಬಿಟ್ಟಿದ್ದರು. ತಲೆಸುತ್ತಿ ಬಿದ್ದಾಗಲೇ ನಮಗೆ ವಿಷಯ ತಿಳಿಯಿತು. ವಂಚಕರ ಕಾಟವೂ ಇದೆ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಬೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಹೇಳಿದ್ದರೂ, ಪೊಲೀಸರ ವೇಷದ ವಿಡಿಯೊ ಕರೆಗೆ ಹೆದರುವ ಎಷ್ಟೋ ಹಿರಿಯರಿಗೆ ಸೈಬರ್ ವಂಚನೆಯ ದೂರಿಗೆಂದಿರುವ 1930 ಸಹಾಯವಾಣಿಯ ಪರಿಚಯವಿಲ್ಲ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು, ಅಡುಗೆ ಕೆಲಸ ಮುಗಿಯುವ ಹೊತ್ತು ನೋಡಿಕೊಂಡು, ಹಿರಿಯ ಮಹಿಳೆಯರಿಗೆಂದೇ ಮೀಸಲಿಟ್ಟು, ಸುಳ್ಳು ಸಂದೇಶಗಳನ್ನು ಗುರುತಿಸುವುದನ್ನೂ ಅಪರಿಚಿತ ಕರೆಗಳನ್ನು ತಡೆಯುವುದನ್ನೂ ಕನ್ನಡದಲ್ಲಿ ತಾಳ್ಮೆಯಿಂದ ಕಲಿಸಲು ಪಂಚಾಯತ್ ರಾಜ್ ಇಲಾಖೆ ಮುಂದಾಗಬೇಕೆಂದು ಕೋರುತ್ತೇನೆ.

— ಓದುಗರು, ಹುಬ್ಬಳ್ಳಿ