ಹಾಸನದವಳು ಅಂದ ಮಾತ್ರಕ್ಕೆ

ಪುಟ್ಟಿ,

ಪೂಜೆ ಮಾಡದ ನನ್ನನ್ನು ಜನ ಭಕ್ತೆ ಅಂದುಕೊಂಡರೆ ಏನು ಮಾಡಲಿ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಪಕ್ಕದಲ್ಲೇ ನಿನ್ನ ಸೋದರತ್ತೆ ಕೂತಿದ್ದರು. ಅವರು ಯಾಕೆ ಬಂದಿದ್ದರು ಅನ್ನುವುದನ್ನೂ ಹೇಳಬೇಕು. ಅದು ಆಮೇಲೆ.

ಆಯುಧಪೂಜೆಯ ದಿನ ನಿಮ್ಮ ಆಫೀಸಿನಲ್ಲಿ ಆರತಿ ತಟ್ಟೆ ತಂದು ನಿನ್ನ ಕೈಗೇ ಕೊಟ್ಟರು ಅಂದೆಯಲ್ಲ. ಹಾಸನದ ಹುಡುಗಿ, ಹಣೆಗೆ ಬೊಟ್ಟು, ಮಾಂಸ ಮುಟ್ಟಲ್ಲ, ಇವಳೇ ಬೆಳಗಲಿ ಅಂತ. ನೀನು ಮಾಂಸ ಬಿಟ್ಟಿದ್ದು ಸಂತೆಯಲ್ಲಿ ಕೋಳಿ ಕೊಯ್ಯುವುದನ್ನು ನೋಡಿ, ಬೊಟ್ಟು ಇಡುವುದು ಮುಖಕ್ಕೆ ಒಪ್ಪುತ್ತೆ ಅಂತ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ಕಣ್ಣಿಗೆ ಕಂಡಿದ್ದನ್ನು ಕೂಡಿಸಿ ಲೆಕ್ಕ ಹಾಕಿದ್ದಾರೆ. ಬೆಳಗಿಬಿಟ್ಟೆ, ಸುಳ್ಳು ಹೇಳಿದ ಹಾಗಾಯ್ತಾ ಅಂತ ನಿನ್ನ ಸಂಕಟ. ಆಗಲಿಲ್ಲ. ಇನ್ನೊಂದು ಸಲ ಕೊಟ್ಟರೆ, ಪಕ್ಕದಲ್ಲಿ ಭಕ್ತಿ ಇರುವವರು ಯಾರಾದರೂ ಇದ್ದೇ ಇರುತ್ತಾರೆ, 'ನೀವು ಮಾಡಿ, ನಿಮಗೆ ಖುಷಿ ಆಗುತ್ತೆ' ಅಂತ ಅವರ ಕೈಗೆ ದಾಟಿಸು. ಕಡ್ಲೆಪುರಿ ಮಾತ್ರ ಬಿಡಬೇಡ.

ನನಗಂತೂ ಇದು ವರ್ಷಾವರ್ಷ ಬರುವ ಕಾಟ. ಆಶ್ವಯುಜ ಹುಣ್ಣಿಮೆ ಕಳೆದು ಗುರುವಾರ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬೆ ಗುಡಿ ಬಾಗಿಲು ತೆಗೆದರೆ ಸಾಕು, ಮದುವೆಗೂ ಕರೆಯದ ನೆಂಟರೆಲ್ಲ ಫೋನ್ ಮಾಡುತ್ತಾರೆ. ಪಾಸ್ ಸಿಗುತ್ತಾ, ನೀವು ದಿನಾ ಹೋಗ್ತಿರಬೇಕಲ್ವಾ, ಬಾಗಿಲು ಹಾಕುವಾಗ ಹಚ್ಚಿದ ದೀಪ ಮುಂದಿನ ವರ್ಷದವರೆಗೂ ಉರೀತಿರುತ್ತಂತೆ ಹೌದಾ? ಹಾಗಂತ ನಂಬುತ್ತಾರೆ, ನಾನು ಹೋಗಿ ನೋಡಿಲ್ಲ ಅನ್ನುತ್ತೇನೆ. ಅಯ್ಯೋ, ಇದೇ ಊರಲ್ಲಿದ್ದು ಹೋಗಿಲ್ವಾ? ಇಲ್ಲ ಕಣ್ರೀ, ನನಗೆ ಅಷ್ಟು ದೇವರು ದಿಂಡರು ಅಂತ ಇಲ್ಲ, ನೀವು ಬನ್ನಿ, ಕ್ಯೂಗೆ ನಿಲ್ಲುವ ಮೊದಲು ನಮ್ಮಲ್ಲಿ ತಿಂಡಿ ಮುಗಿಸಿಕೊಂಡು ಹೋಗಿ. ಇಷ್ಟೇ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇನೆ. ತಡವರಿಸಿದರೆ ನೋಡು, ಅದೇ ದೊಡ್ಡ ವಿಷಯ ಆಗಿಬಿಡುತ್ತದೆ. ಜ್ಯೋತಿ ಆರುತ್ತೋ ಇಲ್ಲವೋ ಅಂತ ಬೇರೆಯವರ ಹಬ್ಬದ ದಿನ ವಾದಕ್ಕೆ ಕೂರುವುದು ನನಗೆ ಇಷ್ಟ ಇಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ಹೀಗನ್ನಬಹುದಾ ಅಂತ ನಿಮ್ಮಪ್ಪ ರೇಗಿಸುತ್ತಾರೆ. ಅನ್ನಲಿ.

ಈಗ ಅತ್ತೆಯ ವಿಷಯ. ದೀಪಾವಳಿಗೆ ನೀನು ಗೆಳತಿಯರ ಜೊತೆ ಚಿಕ್ಕಮಗಳೂರು ಕಡೆಯ ದೇವೀರಮ್ಮನ ಬೆಟ್ಟ ಹತ್ತಿದೆಯಲ್ಲ, ಕೆಸರಿಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು? ಅತ್ತೆಗೆ ಪರಿಚಯದ ಒಬ್ಬರು ನಿನ್ನನ್ನು ಅಲ್ಲಿ ನೋಡಿದ್ದಾರೆ. ಈ ಕಾಲದಲ್ಲೂ ಬರಿಗಾಲಲ್ಲಿ ಹರಕೆ ತೀರಿಸುವ ಹುಡುಗಿ ಅಂತ ಬೇಲೂರು ಕಡೆಯ ಒಂದು ಮನೆಗೆ ಸುದ್ದಿ ಹೋಗಿದೆ. ಅತ್ತೆ ಸಂಬಂಧ ತಂದದ್ದು ಆ ಮನೆಯಿಂದ. 'ಸಂಸ್ಕಾರವಂತ ಹುಡುಗಿ ಅಂತ ಅವರಿಗೆ ತುಂಬಾ ಹಿಡಿಸಿದೆ, ನೀನೇನೂ ಬಾಯಿ ಬಿಡಬೇಡ' ಅಂದರು.

ನಾನು ಬಾಯಿ ಬಿಟ್ಟೆ. ಅಲ್ಲೇ, ಅತ್ತೆಯ ಎದುರಿಗೇ, ಆ ಹುಡುಗನ ತಾಯಿಗೆ ಫೋನ್ ಮಾಡಿದೆ. ನಮ್ಮ ಹುಡುಗಿ ಬೆಟ್ಟ ಹತ್ತಿದ್ದು ನಿಜ, ಹರಕೆಗಲ್ಲ, ಬೆಳಗಾಗುವುದನ್ನು ಮೇಲಿಂದ ನೋಡಬೇಕು ಅಂತ. ನಮ್ಮ ಮನೆಯಲ್ಲಿ ಪೂಜೆ ಇಲ್ಲ, ಅವಳು ಮಾಡುವವಳೂ ಅಲ್ಲ, ಮಾಡುವವರನ್ನು ಬೇಡ ಅನ್ನುವವಳೂ ಅಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನನ್ನು ಕೇಳಿ ಹೇಳುತ್ತೇನೆ ಅಂದರು. ಅತ್ತೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಕಡ್ಲೆಪುರಿಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಯ್ತಾ? ಬಸ್ಸಿನಲ್ಲಿ ಯಾರೋ ನಿನ್ನನ್ನು ಭಕ್ತೆ ಅಂದುಕೊಂಡು ಪ್ರಸಾದ ಕೊಟ್ಟರೆ ಅವರಿಗೇನೂ ನಷ್ಟ ಇಲ್ಲ. ಆ ತಪ್ಪು ಎಣಿಕೆಯ ಮೇಲೆ ಅವರು ಏನಾದರೂ ಕಟ್ಟಲು ಹೊರಟರೆ, ಮದುವೆ ಇರಲಿ, ಕೆಲಸ ಇರಲಿ, ಬಾಡಿಗೆ ಮನೆಯೇ ಇರಲಿ, ಆಗ ಹೇಳಲೇಬೇಕು. ಇನ್ನೊಂದು ಕಷ್ಟ ಏನೆಂದರೆ ಈ ಎಣಿಕೆ ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಒಳ್ಳೆ ಹುಡುಗಿ, ಅದಕ್ಕೇ ದೈವಭಕ್ತಿ ಅನ್ನುತ್ತಾರೆ. ಅಲ್ಲ ಅಂದರೆ ಒಳ್ಳೆಯತನವನ್ನೂ ವಾಪಸ್ ಕೊಟ್ಟ ಹಾಗೆ ಅನಿಸುತ್ತದೆ. ಕೊಡಬೇಕಾಗಿಲ್ಲ. ಡಾ. ಎಚ್. ನರಸಿಂಹಯ್ಯನವರ ಫೋಟೋ ನೋಡು, ಖಾದಿ ಬಟ್ಟೆ, ಗಾಂಧಿ ಟೋಪಿ. ಗೊತ್ತಿಲ್ಲದವರು ದೊಡ್ಡ ಆಚಾರವಂತರು ಅನ್ನಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ 1976ರಲ್ಲಿ ಸಮಿತಿ ಮಾಡಿದವರು ಇದೇ ಮನುಷ್ಯ.

ಅರ್ಜಿಗಳಲ್ಲಿ ಧರ್ಮದ ಕಾಲಂ ಬಂದರೆ ಏನು ಮಾಡಲಿ ಅಂದೆ. ನಿನಗೆ ನಿಜ ಅನಿಸಿದ್ದನ್ನು ಬರೆ. ಯಾವ ಧರ್ಮವೂ ಇಲ್ಲ ಅನ್ನುವ ಹಕ್ಕು ಪ್ರಜೆಗೆ ಇದೆ, ಧರ್ಮ ಹೇಳು ಅಂತ ಸರ್ಕಾರ ಒತ್ತಾಯ ಮಾಡುವ ಹಾಗಿಲ್ಲ ಅಂತ ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಅದಕ್ಕೆ ಆಧಾರ ಸಂವಿಧಾನದ 25ನೇ ವಿಧಿ. 2011ರ ಜನಗಣತಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಜನರ ಧರ್ಮ 'ಹೇಳಿಲ್ಲ' ಅಂತಲೇ ಇದೆ. ಅವರೆಲ್ಲ ನಾಸ್ತಿಕರು ಅಂತಲ್ಲ, ಆದರೂ ಕಾಲಂ ಖಾಲಿ ಬಿಟ್ಟವಳು ನೀನೊಬ್ಬಳೇ ಅಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗಲೂ ದೇವರ ಹೆಸರು ಎತ್ತದೆ ಪ್ರಮಾಣ ಮಾಡಬಹುದು, 1969ರ ಪ್ರಮಾಣ ಕಾಯ್ದೆಯಲ್ಲೇ ಇದೆ. ನಿನಗೆ ಆ ಗ್ರಹಚಾರ ಬರುವುದು ಬೇಡ.

ಗ್ರಹಚಾರ ಅಂದೆ ನೋಡು. ನಗಬೇಡ, ಬಾಯಿಗೆ ಬಂದದ್ದು.

ಬೇಲೂರಿನವರು ಈಗ ತಾನೇ ಮತ್ತೆ ಫೋನ್ ಮಾಡಿದ್ದರು. ಹುಡುಗ ನಕ್ಕು, ಅವನೇ ನಿನ್ನ ಜೊತೆ ಮಾತಾಡುತ್ತೇನೆ ಅಂದನಂತೆ. ನಿನ್ನ ನಂಬರ್ ಕೊಡಲಾ, ಬೇಡವಾ? ಬೇಗ ಹೇಳು. ಅತ್ತೆಯನ್ನು ನಾನು ಸಮಾಧಾನ ಮಾಡುತ್ತೇನೆ.

ನಿನ್ನ
ಅಮ್ಮ