ಬೋಟಿನ ನಲ್ಲಿಯಲ್ಲಿ ಗುಲಾಬಿ ನೀರು

ಡುಲುತ್, ಮಿನೆಸೋಟ
ಅಕ್ಟೋಬರ್ 12

ಅಪ್ಪಯ್ಯನವರಿಗೆ ನಮಸ್ಕಾರಗಳು. ಉಭಯ ಕುಶಲೋಪರಿ.

ಚಳಿಗಾಲಕ್ಕೆ ಬೋಟು ನಿಲ್ಲಿಸುವಾಗ ಎಂಜಿನ್ ಸರಿ, ಕುಡಿಯುವ ನೀರಿನ ಪೈಪಿಗೂ ಎಂಥ ಉಪಚಾರ ಎಂದು ಫೋನಿನಲ್ಲಿ ಕೇಳಿದಿರಲ್ಲ, ಅದಕ್ಕೇ ಈ ಕಾಗದ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿ ಹಾಕಿದರೆ ಹೆದರಿಕೆ ಮಳೆ, ತುಕ್ಕಿನದ್ದು. ಇಲ್ಲಿ ಸುಪೀರಿಯರ್ ಸರೋವರದ ದಂಡೆಯಲ್ಲಿ ಜನವರಿಗೆ ಮೈನಸ್ 20 ಡಿಗ್ರಿ ಮುಟ್ಟುತ್ತದೆ. ನೀರು ಐಸ್ ಆಗುವಾಗ ಶೇ. 9ರಷ್ಟು ಹಿಗ್ಗುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಹೇಗೋ ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತದೆ. ಒಡೆಯುವುದು ಪೈಪು ತಿರುಗುವಲ್ಲಿನ ಎಲ್ಬೋ, ಕವಲಾಗುವಲ್ಲಿನ ಟೀ, ಪಂಪಿನ ತಲೆ, ಅದರ ಮುಂದಿನ ಜಾಲರಿಯ ಪ್ಲಾಸ್ಟಿಕ್ ಬಟ್ಟಲು.

ಮೊದಲು ಟ್ಯಾಂಕಿ ಖಾಲಿ ಮಾಡಬೇಕು. ಆಮೇಲೆ ಗೀಸರ್. ಅದರ ಎಂಸಿಬಿ ಇಳಿಸದೆ ನೀರು ಬಿಟ್ಟರೆ ಕಾಯಿಲ್ ಒಣಗಿ ಸುಟ್ಟಿತೆಂದೇ ಲೆಕ್ಕ. ನೀರು ತಣಿದ ಮೇಲೆ ಕೆಳಗಿನ ಕಾಕ್ ಬಿಚ್ಚಿ, ಮೇಲಿನ ಸೇಫ್ಟಿ ವಾಲ್ವ್ ಎತ್ತಬೇಕು. ಗಾಳಿ ಒಳಗೆ ಹೋಗದಿದ್ದರೆ ನೀರು ಅರ್ಧಕ್ಕೇ ನಿಲ್ಲುತ್ತದೆ. ಬಳಿಕ ತಣ್ಣೀರಿನ ಪೈಪನ್ನು ಬಿಸಿನೀರಿನ ಪೈಪಿಗೇ ನೇರ ಸೇರಿಸಿ ಗೀಸರನ್ನು ದಾಟಿಸುತ್ತೇವೆ. ಇಲ್ಲವಾದರೆ 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್, ಪೈಪು ಒಡೆಯದಂತೆ ತುಂಬುವ ಔಷಧಿ ಅದರ ಹೊಟ್ಟೆಗೇ ಹೋಗುತ್ತದೆ. ಹೀಗೆ ಮಾಡಿದರೆ 30 ಅಡಿಯ ಬೋಟಿಗೆ ಎರಡು-ಮೂರು ಗ್ಯಾಲನ್ ಸಾಕು. ಕಾರ್ಬನ್ ಫಿಲ್ಟರಿನ ಕಾರ್ಟ್ರಿಜ್ ತೆಗೆದಿಡಬೇಕು, ಔಷಧಿ ತಾಗಿದರೆ ಅದು ಎಸೆಯಲಿಕ್ಕೇ ಸೈ.

ಔಷಧಿ ಎಂದರೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್. ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಪೈಪಿಗೆ ಅದನ್ನು ತೋರಿಸಲೂ ಬಾರದು. ಕ್ಯಾನಿನ ಮೇಲಿನ "ಮೈನಸ್ 50" ಫ್ಯಾರನ್‌ಹೀಟ್, ನಮ್ಮ ಲೆಕ್ಕಕ್ಕೆ ಮೈನಸ್ 46. ಅಷ್ಟರವರೆಗೆ ಪೈಪು ಒಡೆಯುವುದಿಲ್ಲ ಎಂದಷ್ಟೇ ಅದರ ಅರ್ಥ, ಔಷಧಿ ಗಟ್ಟಿಯಾಗುವುದಿಲ್ಲ ಎಂದಲ್ಲ. ಅದು ಎಷ್ಟೋ ಮೊದಲೇ ಮುದ್ದೆಯಾಗುತ್ತದೆ. ಪೈಪಿನಲ್ಲಿ ಉಳಿದ ನೀರು ಬೆರೆತರೆ ಆ ಶಕ್ತಿಯೂ ಹೋಯಿತು. ಜನ ತಪ್ಪುವುದು ಇಲ್ಲೇ.

ಪಂಪಿನ ಸಕ್ಷನ್ ಪೈಪನ್ನು ಕ್ಯಾನಿಗೆ ಇಳಿಸಿ, ಹತ್ತಿರದ ನಲ್ಲಿಯಿಂದ ಶುರು ಮಾಡಿ ಬಿಸಿಯದ್ದು, ತಣ್ಣನೆಯದ್ದು ಎರಡನ್ನೂ ಬೇರೆ ಬೇರೆ ಬಿಡಬೇಕು. ಕೆಳಗೆ ಬಿಳಿ ಲೋಟ ಹಿಡಿಯಿರಿ: ಮೊದಲು ಬರೀ ನೀರು, ಮತ್ತೆ ನೊರೆ, ಆಮೇಲೆ ನೀರು ಹೆಚ್ಚಾದ ಪುನರ್ಪುಳಿ ಶರಬತ್ತಿನಂಥ ತೆಳು ಬಣ್ಣ. ಅಲ್ಲಿಗೇ ನಿಲ್ಲಿಸಿದರೆ ಕೆಟ್ಟಿತು. ಕ್ಯಾನಿನಲ್ಲಿರುವಷ್ಟೇ ಗಾಢ ಬಣ್ಣ ಬರಬೇಕು. ಎಲ್ಲರೂ ಮರೆಯುವುದು ಹಿಂಬದಿಯ ಡೆಕ್ಕಿನ ಶವರನ್ನು. ಸ್ನಾನದ ಕೋಣೆಯ ಕೊಳೆನೀರು ಸೇರುವ ಸಂಪಿಗೂ ಒಂದು ಲೀಟರ್ ಸುರಿದು ಅದರ ಪಂಪು ಓಡಿಸಬೇಕು. ಕೊನೆಗೆ ನಲ್ಲಿಗಳನ್ನೆಲ್ಲ ತೆರೆದೇ ಬಿಟ್ಟು, ಪಂಪಿನ ಸ್ವಿಚ್ಚಿಗೂ ಗೀಸರಿನ ಸ್ವಿಚ್ಚಿಗೂ ಚೀಟಿ ಅಂಟಿಸುತ್ತೇವೆ.

ಕಂಪ್ರೆಸರಿನಿಂದ ಗಾಳಿ ಊದಿ ಮುಗಿಸುವವರೂ ಇದ್ದಾರೆ. ನನಗೆ ಆ ನಂಬಿಕೆಯಿಲ್ಲ. ಪೈಪು ಜೋತುಬಿದ್ದ ಕಡೆ ನೀರು ತಳದಲ್ಲೇ ಕೂತು ಗಾಳಿಯನ್ನು ಮೇಲಿಂದ ಕಳಿಸಿಬಿಡುತ್ತದೆ.

ಮೇ ತಿಂಗಳಲ್ಲಿ ಬಣ್ಣ, ನೊರೆ ಹೋಗುವ ತನಕ ತೊಳೆದು, ಲೀಟರಿಗೆ 1 ಮಿಲಿಯಂತೆ ವಾಸನೆ ಸೇರಿಸದ ಬ್ಲೀಚ್ ಹಾಕಿ, ನಾಲ್ಕು ಗಂಟೆ ಬಿಟ್ಟು ಮತ್ತೆ ತೊಳೆಯಬೇಕು. ನಲ್ಲಿ ಎಲ್ಲ ಮುಚ್ಚಿದರೂ ಪಂಪು ನಿಲ್ಲದಿದ್ದರೆ ಎಲ್ಲೋ ಒಂದು ಎಲ್ಬೋ ಸೀಳಿದೆ ಎಂದು ತಿಳಿಯಿರಿ. ಬಿಸಿನೀರು ಬಾರದಿದ್ದರೆ ಗೀಸರ್ ಕೆಟ್ಟಿತೆಂದು ಗಾಬರಿ ಬೇಡ, ದಾಟಿಸಿದ ಪೈಪನ್ನು ಮೊದಲಿನ ಹಾಗೆ ಮಾಡಿರುವುದಿಲ್ಲ, ಅಷ್ಟೇ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗ